ಮೀಟರು ತೋರಿಸುವ ಟೆಸ್ಟರು

"ಹೊರಗಿನಿಂದ ನೋಡಿದ್ರೆ ನೆಟ್ಟಗಿದೆ, ಒಳಗೆಲ್ಲಿ ಮುರಿದುಕೊಂಡಿದೆ ಅಂತ ಯಾರಿಗೆ ಗೊತ್ತಾಗಬೇಕು?"

ಮೇಜಿನ ಕೆಳಗೆ ಮಂಡಿಯೂರಿ, ನೀಲಿ ಕೇಬಲ್ಲಿನ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು ಸುಮಾರಯ್ಯನವರು ಈ ಮಾತು ಕೇಳಿದಾಗ ಎದುರಿಗಿದ್ದದ್ದು ಮೇಜಿನ ನಾಲ್ಕು ಕಾಲು ಮತ್ತು ಒಂದು ಕಸದ ಬುಟ್ಟಿ. ಯಾರನ್ನೂ ಉದ್ದೇಶಿಸಿ ಕೇಳಿದ್ದಲ್ಲ. ಆದರೆ ಯಾರನ್ನೂ ಕೇಳದ ಪ್ರಶ್ನೆ ಎಲ್ಲರ ಕಿವಿಗೂ ಬೀಳುವುದು ಲೋಕದ ರೀತಿ.

ಸುಮಾರಯ್ಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ನಮ್ಮದು ತೂಕ ಮತ್ತು ಅಳತೆಯ ಕಚೇರಿ. ಊರಿನ ಅಂಗಡಿಗಳ ತಕ್ಕಡಿ, ಬಟ್ಟೆಯವರ ಮೀಟರು ಕೋಲು, ಎಣ್ಣೆಯವರ ಲೀಟರು ಎಲ್ಲವೂ ಇಲ್ಲಿಗೆ ಬಂದು ಪರೀಕ್ಷೆಗೆ ನಿಂತು, ಸೀಸದ ಮೊಹರು ಹಾಕಿಸಿಕೊಂಡು ಹೋಗಬೇಕು. ಕೂದಲೆಳೆಯ ವ್ಯತ್ಯಾಸಕ್ಕೆ ತಲೆಗೂದಲು ಕಿತ್ತುಕೊಳ್ಳುವ ಇಂಥ ಜಾಗದಲ್ಲಿ, ಇಪ್ಪತ್ತೆರಡು ವರ್ಷದಿಂದ ಮೊಹರು ಒತ್ತುವ ಗುಮಾಸ್ತರು ಯಾವ ಪ್ರಶ್ನೆಗೂ 'ಸುಮಾರು' ಎಂದೇ ಉತ್ತರ ಶುರುಮಾಡುತ್ತಿದ್ದರು. ಊಟ ಆಯಿತೇ ಎಂದರೆ ಸುಮಾರಾಗಿ ಆಯಿತು. ತಲೆನೋವು ಹೋಯಿತೇ ಎಂದರೆ ಸುಮಾರು ಹೋಗಿದೆ. ಅಂಥವರಿಗೆ ಇನ್ನೇನು ಹೆಸರು ಬಿದ್ದೀತು?

ಆ ಗುರುವಾರ ಬೆಳಿಗ್ಗೆ ಅವರ ಮೇಜಿನ ಕಂಪ್ಯೂಟರಿನ ನೆಟ್‌ವರ್ಕ್ ಹೋಗಿತ್ತು. ಬೇರೆ ದಿನವಾಗಿದ್ದರೆ ಅದನ್ನೊಂದು ವಿಶ್ರಾಂತಿ ಎಂದುಕೊಳ್ಳುತ್ತಿದ್ದರು. ಆದರೆ ಅವರ ಹೆಂಡತಿ ಇರುವುದು ರೈಲಿನಲ್ಲಿ ಒಂಬತ್ತು ಗಂಟೆ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸಾಗಿ; ಮಗಳೂ ಅತ್ತೆಯೂ ಅಲ್ಲೇ. ಮೂರು ವರ್ಷವಾಗಿತ್ತು. ಈಗ ಆ ಊರಿನ ತೂಕ-ಅಳತೆಯ ಕಚೇರಿಯಲ್ಲಿ ಒಂದೇ ಒಂದು ಜಾಗ ಖಾಲಿಯಾಗಿತ್ತು. ವರ್ಗಾವಣೆಯ ಅರ್ಜಿಯ ಪುಟ ಕಚೇರಿಯ ಕಂಪ್ಯೂಟರಿನಲ್ಲಿ ಮಾತ್ರ ತೆರೆಯುತ್ತದೆ, ಶುಕ್ರವಾರ ಸಂಜೆ ಐದಕ್ಕೆ ಮುಚ್ಚುತ್ತದೆ. ತಪ್ಪಿದರೆ ಇನ್ನೊಂದು ವರ್ಷ. ಬುಧವಾರ ಅರ್ಧ ತುಂಬಿ, ಮಿಕ್ಕದ್ದು ನಾಳೆ ಎಂದು ಎದ್ದುಹೋಗಿದ್ದರು.

ಜೇಬಿನಲ್ಲಿ ಫೋನು ನಡುಗಿತು.

"ಕಳಿಸಿದ್ರಾ?" ಹೆಂಡತಿ.

"ಸುಮಾರು ಕಳಿಸಿದ ಹಾಗೇನೆ."

"ರೀ, ಅರ್ಜಿ ಹೋಗಿರುತ್ತೆ, ಇಲ್ಲಾ ಹೋಗಿರಲ್ಲ. ಅರ್ಧ ದಾರಿಗೆ ಹೋಗಿ ನಿಲ್ಲೋಕೆ ಅದೇನು ಬಸ್ಸಾ? ಇಲ್ಲಿ ನಿಮ್ಮ ಮಗಳು ಟೇಪು ಹಿಡಿದು ಕಪಾಟು ಸರಿಸಿಬಿಟ್ಟಿದಾಳೆ, ಅಪ್ಪನ ಮಂಚಕ್ಕೆ ಜಾಗ ಅಂತ."

ಫೋನಿಟ್ಟು ಮೇಜಿನಡಿಯಿಂದ ತೆವಳಿ ಹೊರಬಂದರೆ ಟಪಾಲು ಅಕ್ಕ ನಿಂತಿದ್ದರು. ಬರುವ ಹೋಗುವ ಪತ್ರಗಳನ್ನೆಲ್ಲ ನೋಡಿಕೊಳ್ಳುವ ಹಿರಿಯಾಕೆ.

"ನನ್ನ ಮೇಜಿಗೆ ಬನ್ನಿ ಮಾರಾಯ್ರೆ. ಐದು ನಿಮಿಷದ ಕೆಲಸಕ್ಕೆ ಯಾಕೆ ನೆಲ ಒರೆಸ್ತೀರಿ?"

ಹೋಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ಒಂದು ಕಾಲು ಅತ್ತ ಇಟ್ಟೂ ಆಗಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಸಾಹೇಬರು ಕಾಣಿಸಿಕೊಂಡರು.

"ಕೇಬಲ್ ವಿಷಯ ಏನೋ ಮಾತಾಡ್ತಿದ್ರಿ. ಗೊತ್ತೇನ್ರೀ ಅದೆಲ್ಲ ನಿಮಗೆ?"

ಸುಮಾರಯ್ಯನವರಿಗೆ ಕೇಬಲ್ಲಿನ ಬಗ್ಗೆ ಗೊತ್ತಿದ್ದದ್ದು ಅದು ನೀಲಿ ಎಂಬುದೊಂದೇ. ಆದರೆ ಸಾಹೇಬರು 'ಗೊತ್ತೇನ್ರೀ' ಎಂದು ತಲೆಯೆತ್ತಿ ಕೇಳಿದ್ದು ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು.

"ಸುಮಾರು ಗೊತ್ತು ಸಾರ್."

"ರಿಪೇರಿಯವನನ್ನ ಕೇಳಿದ್ರೆ ಸೋಮವಾರ ಅಂತಾನೆ."

"ಸೋಮವಾರದ ತನಕ ಯಾಕೆ ಸಾರ್? ಸರಿಯಾದ ಟೆಸ್ಟರ್ ಒಂದು ಕೈಗೆ ಸಿಕ್ಕರೆ ಅರ್ಧ ಗಂಟೆ."

ಆಡಿದ ಮಾತು ಬಿಟ್ಟ ಬಾಣ. ಸಾಹೇಬರು ತಲೆದೂಗಿ ಖರೀದಿ ಚೀಟಿಗೆ ಅಲ್ಲೇ ರುಜು ಹಾಕಿದರು. ರುಜು ಬಿದ್ದ ಮೇಲೆ ಟಪಾಲು ಅಕ್ಕನ ಮೇಜಿಗೆ ಹೋಗಿ ಕೂರುವುದು ಹೇಗೆ? ವೈದ್ಯನೆಂದು ಹೇಳಿಕೊಂಡವನು ಪಕ್ಕದ ಮನೆಯಲ್ಲಿ ಕಷಾಯ ಕೇಳಿ ಕುಡಿಯುವುದುಂಟೇ?

"ಬೇಡ ಅಕ್ಕ, ಇನ್ನರ್ಧ ಗಂಟೆ," ಎಂದು ಚಪ್ಪಲಿ ಮೆಟ್ಟಿದರು.

ಮೂರು ಬೀದಿಯಾಚೆ ಒಂದು ಅಂಗಡಿ. ಒಳಗೆ ಕಾಲಿಡಲು ಜಾಗವಿಲ್ಲದಂತೆ ಸುರುಳಿ ಸುರುಳಿ ಕೇಬಲ್ಲು. ನಡುವೆ ಕನ್ನಡಕವನ್ನು ಹಣೆಗೇರಿಸಿ ಕೂತ ಅಂಗಡಿಯಾಕೆ ಏನನ್ನೋ ಬೆಸೆಯುತ್ತಿದ್ದರು.

"ಕೇಬಲ್ ಕೆಟ್ಟಿದೆ. ಟೆಸ್ಟರ್ ಬೇಕು," ಎಂದರು ಸುಮಾರಯ್ಯ, ನಿಂತಲ್ಲೇ ಕಾಲು ಬದಲಿಸುತ್ತ.

"ಹೇಗೆ ಕೆಟ್ಟಿದೆ? ಪೂರ್ತಿ ಇಲ್ವಾ, ಬಂದು ಬಂದು ಹೋಗುತ್ತಾ?"

"ಸುಮಾರಾಗಿ ಕೆಟ್ಟಿದೆ."

ಆಕೆ ಕನ್ನಡಕ ಇಳಿಸಿ ಇವರನ್ನೊಮ್ಮೆ ನೋಡಿ, ಕಪಾಟಿನಿಂದ ಮೂರು ಡಬ್ಬಿ ತೆಗೆದಿಟ್ಟರು. ಮೊದಲನೆಯದು ಎರಡು ತುಂಡಾಗಿತ್ತು, ಮೈಮೇಲೆ ಪುಟ್ಟ ಪುಟ್ಟ ದೀಪ.

"ಕೇಬಲ್ ಒಳಗೆ ಎಂಟು ಎಳೆ ಇರುತ್ತೆ. ಈ ತುದಿಗೆ ಒಂದು ತುಂಡು, ಆ ತುದಿಗೆ ಇನ್ನೊಂದು. ಒಂದರಿಂದ ಎಂಟರವರೆಗೆ ದೀಪ ಸಾಲಾಗಿ ಹತ್ತಬೇಕು. ಯಾವುದು ಹತ್ತಲ್ವೋ ಆ ಎಳೆ ಹೋಗಿದೆ ಅಂತ. ನಿಮಗೆ ಇದು ಸಾಕು."

"ಅದು?"

"ಅದು ಕೂಗೋದು. ಒಂದು ತುದಿಗೆ ಸಿಕ್ಕಿಸಿ, ಈ ಕಡ್ಡಿ ಹಿಡಿದು ಗೋಡೆಗುಂಟ ಕೇಳಿಸಿಕೊಂಡು ಹೋದ್ರೆ ಯಾವ ಕೇಬಲ್ ಎಲ್ಲಿಗೆ ಹೋಗಿದೆ ಅಂತ ತಿಳಿಯುತ್ತೆ. ನೂರಾರು ಕೇಬಲ್ ಇರೋ ಕಡೆ ಬೇಕು. ನಿಮ್ಮಲ್ಲಿ ಎಷ್ಟಿದೆ?"

"ನಾಲ್ಕು."

ಆಕೆ ಅದನ್ನು ಕಪಾಟಿಗೆ ವಾಪಸಿಟ್ಟರು. ಉಳಿದದ್ದು ಮೂರನೆಯದು. ಅಂಗೈಯಗಲದ ಪರದೆ, ಪರದೆಯಲ್ಲಿ ಅಂಕಿ.

"ಇದನ್ನ ಒಂದೇ ತುದಿಗೆ ಹಾಕಿದ್ರೆ ಸಾಕು. ಎಷ್ಟು ಮೀಟರ್ ದೂರದಲ್ಲಿ ತುಂಡಾಗಿದೆ ಅಂತ ಹೇಳುತ್ತೆ. ದೊಡ್ಡ ದೊಡ್ಡ ಕಟ್ಟಡದವರು ಒಯ್ಯೋದು."

ಮೀಟರ್. ಅಂಕಿ. ಸುಮಾರಯ್ಯನವರ ಓಡಾಡುತ್ತಿದ್ದ ಕಾಲು ಅಲ್ಲೇ ನಿಂತಿತು. ತೂಕ-ಅಳತೆಯ ಕಚೇರಿಗೆ ಮಿಣಿಮಿಣಿ ದೀಪದ ಡಬ್ಬಿ ಹಿಡಿದು ಹೋದರೆ ಸಾಹೇಬರು ಏನೆಂದಾರು? ದಶಾಂಶ ಬಿಂದು ಇಲ್ಲದ ಸಾಧನಕ್ಕೆ ನಮ್ಮಲ್ಲಿ ಯಾರು ಎದ್ದು ನಿಲ್ಲುತ್ತಾರೆ?

"ಇದೇ ಕೊಡಿ."

"ಸೊಳ್ಳೆ ಹೊಡೆಯೋಕೆ ಒನಕೆ ಯಾಕೆ ಸಾರ್?"

"ನಾವು ಅಳತೆಯವರು ತಾಯಿ."

ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿಯುವಾಗ ಹಿಂದಿನಿಂದ ಆಕೆ, ಕೇಬಲ್ಲಿನ ಜಾತಿ ಯಾವುದೆಂದು ಗುಂಡಿ ಒತ್ತಿ ಹೇಳಬೇಕು, ಮರೆಯಬೇಡಿ ಎಂದು ಕೂಗಿದರು. ಸುಮಾರಯ್ಯ ಅದನ್ನು ಸುಮಾರಾಗಿ ಕೇಳಿಸಿಕೊಂಡರು.

ಕಚೇರಿಗೆ ಬಂದು ಟೆಸ್ಟರನ್ನು ಹೊರತೆಗೆದಾಗ ಎಲ್ಲರೂ ಸುತ್ತ ನೆರೆದರು. ಕೇಬಲ್ಲಿನ ತುದಿಯನ್ನು ಅದರ ಬಾಯಿಗಿಡುವುದೊಂದೇ ಬಾಕಿ. ಆಗ ಇನ್‌ಸ್ಪೆಕ್ಟರ್ ಮೇಡಂ ಕೈ ಅಡ್ಡ ಹಿಡಿದರು. ಮೇಡಂ ಅಂದರೆ ತಮ್ಮ ಮನೆಯ ಅಕ್ಕಿಯ ಪಾವಿಗೂ ಮೊಹರು ಹಾಕಿಸಿದವರು.

"ಒಂದು ನಿಮಿಷ. ಮೀಟರ್ ಅಂತ ಬರೆದಿದೆಯಲ್ಲ ಇದರ ಮೇಲೆ?"

"ಹೌದು ಮೇಡಂ. ಎಷ್ಟು ಮೀಟರಿಗೆ ತುಂಡಾಗಿದೆ ಅಂತ ಅಳೆದು ಹೇಳುತ್ತೆ," ಎಂದರು ಸುಮಾರಯ್ಯ ಹೆಮ್ಮೆಯಿಂದ.

"ಅಳೆದು."

"ಅಳೆದು."

"ಹಾಗಾದ್ರೆ ಇದು ಉದ್ದ ಅಳೆಯೋ ಸಾಧನ. ಪರೀಕ್ಷೆ ಆಗಿದೆಯಾ? ಮೊಹರೆಲ್ಲಿ?"

ಸುಮಾರಯ್ಯ ಟೆಸ್ಟರನ್ನು ಮಗುಚಿ ಅದರ ಬೆನ್ನು ನೋಡಿದರು.

"ಊರಿನ ಬಟ್ಟೆ ಅಂಗಡಿಯವರ ಮೇಲೆಲ್ಲ ಕೇಸು ಹಾಕೋರು ನಾವು. ನಮ್ಮ ಕಚೇರಿಯೊಳಗೇ ಮೊಹರಿಲ್ಲದ ಸಾಧನದಲ್ಲಿ ಅಳೆದ್ರೆ ನಾಳೆ ಯಾರಿಗೆ ಮುಖ ತೋರಿಸೋದು?"

"ಬರೀ ನನ್ನ ಕೇಬಲ್ ಮೇಡಂ, ಮಾರೋದಲ್ಲ, ಕೊಳ್ಳೋದಲ್ಲ—"

"ದೀಪ ಗೀಪ ಹತ್ತೋದು ತಂದಿದ್ರೆ ನನಗೇನೂ ಸಂಬಂಧ ಇರ್ತಿರಲಿಲ್ಲ. ಅಂಕಿ ತಂದಿದೀರಿ."

ಸಾಹೇಬರು ಎರಡು ಕಡೆಯೂ ನೋಡಿ, ನಿಯಮದ ಕಡೆ ವಾಲಿದರು. ಆದರೆ ಪರೀಕ್ಷೆ ಮಾಡುವುದು ಹೇಗೆ? ಅಳತೆ ಗೊತ್ತಿರುವ ಕೇಬಲ್ಲನ್ನು ಟೆಸ್ಟರಿಗೆ ಕೊಟ್ಟು, ಅದು ಏನು ಹೇಳುತ್ತದೆ ನೋಡಬೇಕು. ಐದು ಮೀಟರು, ಹತ್ತು ಮೀಟರು, ಇಪ್ಪತ್ತು ಮೀಟರು, ಕೂದಲೆಳೆ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ. ಉಗ್ರಾಣದಲ್ಲಿ ಹೊಸ ಕೇಬಲ್ ಒಂದು ಗೇಣೂ ಇರಲಿಲ್ಲ. ಅಷ್ಟರಲ್ಲಿ ಗುರುವಾರ ಮುಗಿದು ಕಚೇರಿಯ ಬಾಗಿಲು ಮುಚ್ಚಿತು.

ಶುಕ್ರವಾರ ಬೆಳಿಗ್ಗೆ ಎಂದಿಗಿಂತ ಅರ್ಧ ಗಂಟೆ ಮೊದಲೇ ಸುಮಾರಯ್ಯ ಕಚೇರಿಯಲ್ಲಿದ್ದರು. ಅವರಿಗಿಂತ ಮೊದಲೇ ಬಂದವರೂ ಇದ್ದರು. ಸೀದಾ ಟಪಾಲು ಅಕ್ಕನ ಮೇಜಿನ ಮುಂದೆ ಹೋಗಿ, "ಅಕ್ಕ, ನಿನ್ನೆ ಹೇಳಿದ್ರಲ್ಲ, ಐದು ನಿಮಿಷ—" ಎಂದರು.

"ಅಯ್ಯೋ, ನಿಮ್ಮ ಪುಣ್ಯಕಾರ್ಯಕ್ಕೇ ಕೊಟ್ಟುಬಿಟ್ಟೆನಲ್ಲ," ಎಂದರು ಅಕ್ಕ.

ಅವರ ಮೇಜಿನ ಹಿಂದೆ ಇನ್‌ಸ್ಪೆಕ್ಟರ್ ಮೇಡಂ ಕತ್ತರಿ ಹಿಡಿದು ಕೂತಿದ್ದರು. ಪರೀಕ್ಷೆಗೆ ಮೊದಲು ಮೇಡಂ ತಮ್ಮ ಮೇಜಿನ ಕೇಬಲ್ಲನ್ನೇ ಬಿಚ್ಚಿ, ಹಿತ್ತಾಳೆಯ ಮೀಟರು ದಂಡದ ಪಕ್ಕ ಎಳೆದು ಮಲಗಿಸಿ, ಐದು ಮೀಟರಿಗೆ ಸರಿಯಾಗಿ ಕತ್ತರಿಸಿದ್ದರು. ಹತ್ತು ಮೀಟರಿಗೆ ಅಕ್ಕನದು ಆಗಷ್ಟೇ ತುಂಡಾಗಿತ್ತು. ಇಪ್ಪತ್ತಕ್ಕೆ ಯಾರದು ಎಂಬ ಪ್ರಶ್ನೆ ಬಂದಾಗ ಸಾಹೇಬರು ಎದೆಯುಬ್ಬಿಸಿ, "ಎಲ್ಲಕ್ಕಿಂತ ಉದ್ದದ್ದು ನಂದು. ತಗೊಳ್ಳಿ. ಮೇಲಿನವರು ಮೇಲ್ಪಂಕ್ತಿ ಹಾಕಬೇಕು," ಎಂದರು.

"ಸಾರ್, ಕತ್ತರಿಸಿದ್ರೆ ನೆಟ್‌ವರ್ಕ್—"

"ಆಮೇಲೆ ಗಂಟು ಹಾಕಿದ್ರೆ ಆಯ್ತು. ನೀವಿದೀರಲ್ಲ, ಗೊತ್ತಿರೋರು."

ಗೊತ್ತಿರುವವರು ತಲೆಯಾಡಿಸಿದರು. ಕತ್ತರಿ ಕಚ್ಚಿತು.

ಪರೀಕ್ಷೆಯ ಉದ್ದನೆಯ ಕೋಣೆಯಲ್ಲಿ ಮೂರು ಕೇಬಲ್ಲುಗಳನ್ನು ನೆಟ್ಟಗೆ ಹಾಸಿದರು. ಬಿಸಿಗೆ ತಂತಿ ಹಿಗ್ಗಬಾರದೆಂದು, ಕೋಣೆಯ ಶಾಖ ಸರಿಯಾದ ಮಟ್ಟಕ್ಕೆ ಇಳಿಯುವತನಕ ಕಿಟಕಿ ಮುಚ್ಚಿ, ಬಾಗಿಲು ಮುಚ್ಚಿ, ಯಾರೂ ಜೋರಾಗಿ ಉಸಿರಾಡದಂತೆ ಮೇಡಂ ಕಾವಲು ನಿಂತರು. ಸುಮಾರಯ್ಯನವರು ಕೇಬಲ್ಲು ದಾಟಿ ಆಚೆ, ಕೇಬಲ್ಲು ದಾಟಿ ಈಚೆ. ಶಾಖಮಾಪಕಕ್ಕೂ ಗಡಿಯಾರಕ್ಕೂ ನಡುವೆ ಅವರು ನಡೆದ ದೂರ ಅಳೆದಿದ್ದರೆ ಅದಕ್ಕೇ ಒಂದು ಬೇರೆ ಮಾನದಂಡ ಬೇಕಾಗುತ್ತಿತ್ತು. ಫೋನು ನಡುಗಿದಾಗಲೆಲ್ಲ ಗೋಡೆಗೆ ಮುಖ ಮಾಡಿ ಪಿಸುಗುಟ್ಟುತ್ತಿದ್ದರು.

"ಏನಾಯ್ತು?"

"ಕೋಣೆ ತಣ್ಣಗಾಗಬೇಕು."

"ಯಾಕೆ?"

"ಟೆಸ್ಟರ್ ಟೆಸ್ಟ್ ಮಾಡ್ತಿದೀವಿ."

ಆ ಕಡೆ ಫೋನು ಕೈ ಬದಲಾಯಿತು. ಆಮೇಲೆ ಅತ್ತೆಯ ದನಿ: "ಅಳಿಯಂದ್ರೆ, ನಿಮಗೆ ಬರೋಕೆ ಮನಸ್ಸಿಲ್ಲದಿದ್ರೆ ಬಾಯಿಬಿಟ್ಟು ಹೇಳಿಬಿಡಿ. ನನ್ನ ಮೊಮ್ಮಗಳು ಕಪಾಟು ವಾಪಸ್ ಸರಿಸ್ತಾಳೆ."

ಮಧ್ಯಾಹ್ನ ಒಂದು ಗಂಟೆಗೆ ಶಾಖ ಇಳಿಯಿತು. ಟೆಸ್ಟರಿಗೆ ಐದು ಮೀಟರಿನ ಕೇಬಲ್ ಕೊಟ್ಟರು. 5.2 ಎಂದಿತು. ಹತ್ತಕ್ಕೆ 10.4. ಇಪ್ಪತ್ತಕ್ಕೆ 20.8.

ಮೇಡಂ ಕುರ್ಚಿಗೆ ಒರಗಿದರು. "ಬಟ್ಟೆ ಅಂಗಡಿಯ ಕೋಲು ಹೀಗಿದ್ದಿದ್ರೆ ಅಂಗಡಿ ಬಾಗಿಲು ಹಾಕಿಸ್ತಿದ್ದೆ."

"ಸುಮಾರು ಸರಿಯಾಗೇ ಇದೆಯಲ್ಲ ಮೇಡಂ."

"ನೋಟಿಸ್ ಕೊಡಬೇಕಾಗುತ್ತೆ. ಸಾಧನದ ಮಾಲೀಕರಿಗೆ."

"ಮಾಲೀಕರು ಯಾರು?" ಎಂದರು ಸಾಹೇಬರು ಕುತೂಹಲದಿಂದ.

"ಖರೀದಿ ಚೀಟಿಗೆ ರುಜು ಹಾಕಿದೋರು."

"ನಾನು."

"ನೋಟಿಸಿಗೆ ರುಜು ಹಾಕೋರೂ ನೀವೇ ಸಾರ್. ಏಳು ದಿನದಲ್ಲಿ ನೀವು ನಿಮಗೆ ಉತ್ತರ ಕೊಡಬೇಕು. ಸಮಾಧಾನ ಆಗದಿದ್ರೆ ನೀವು ನಿಮ್ಮನ್ನ ಕರೆಸಿ ವಿಚಾರಿಸಬಹುದು."

ಸಾಹೇಬರು ನಿಜಕ್ಕೂ ಬೆವರಿದರು. ಕೋಣೆಯ ಶಾಖ ಏರುತ್ತದೆಂದು ಮೇಡಂ ಅವರನ್ನು ಹೊರಗೆ ಕಳಿಸಿದರು. ಆ ಗಲಾಟೆಯಲ್ಲಿ ಸುಮಾರಯ್ಯನವರಿಗೆ ಅಂಗಡಿಯಾಕೆಯ ಮಾತು ಅರ್ಧ ನೆನಪಾಗಿ, ಮಿಕ್ಕರ್ಧಕ್ಕೆ ಫೋನು ಮಾಡಿದರು. ಜಾತಿಯ ಗುಂಡಿ ಒತ್ತಿದ್ದೀರಾ ಎಂದು ಆಕೆ ಕೇಳಿದರು. ಒತ್ತಿದರು. 5.0. 10.0. 20.0.

ಎಲ್ಲರೂ ನಿಟ್ಟುಸಿರುಬಿಟ್ಟರು. ಮೇಡಂ ಪ್ರಮಾಣಪತ್ರ ಬರೆದರು, ಮೂರು ಪ್ರತಿ. ಮೂರು ಕೇಬಲ್ಲುಗಳು ಇನ್ನು ಮುಂದೆ ಈ ಕಚೇರಿಯ ಮಾನಕಗಳೆಂದು ಘೋಷಿಸಿ, ಮಖಮಲ್ಲಿನ ಮೇಲೆ ಸುತ್ತಿಟ್ಟು, ಹಿತ್ತಾಳೆಯ ತೂಕಗಳಿರುವ ಗಾಜಿನ ಕಪಾಟಿನಲ್ಲಿ ಇರಿಸಿ ಬೀಗ ಹಾಕಿದರು. ಬರಿಗೈಯಲ್ಲಿ ಮುಟ್ಟುವಂತಿಲ್ಲ, ಗಂಟು ಹಾಕುವ ಮಾತಂತೂ ಎತ್ತುವಂತಿಲ್ಲ.

"ಮೊಹರು," ಎಂದರು ಮೇಡಂ.

ನಿಯಮದ ಪ್ರಕಾರ ಸಾಧನವನ್ನು ಯಾರೂ ಬಿಚ್ಚಿ ಒಳಗೆ ಕೈಯಾಡಿಸದಂತೆ ತಂತಿಯನ್ನು ಉದ್ದಕ್ಕೂ ಅಡ್ಡಕ್ಕೂ ಬಿಗಿದು, ಗಂಟಿನ ಮೇಲೆ ಸೀಸದ ಗುಂಡು ಒತ್ತಬೇಕು. ತಕ್ಕಡಿಯಾಗಲಿ ಲೀಟರಾಗಲಿ, ದಿನಕ್ಕೆ ನಲವತ್ತು ಬಾರಿ ಮಾಡುವ ಕೆಲಸ. ಸುಮಾರಯ್ಯನವರ ಕಣ್ಣು ಗಡಿಯಾರದ ಮೇಲಿತ್ತು; ಮೂರೂವರೆ. ಕೈ ತನ್ನ ಪಾಡಿಗೆ ತಾನು ತಂತಿ ಸುತ್ತಿತು, ಎಳೆಯಿತು, ಗುಂಡು ಪೋಣಿಸಿತು, ಇಕ್ಕಳ ಅದುಮಿತು. ಕಟಕ್.

"ಆಯ್ತು. ಈಗ ಧಾರಾಳವಾಗಿ ಬಳಸಿ," ಎಂದರು ಮೇಡಂ.

ಸುಮಾರಯ್ಯ ಟೆಸ್ಟರನ್ನು ಎದೆಗವಚಿಕೊಂಡು ತಮ್ಮ ಮೇಜಿಗೆ ಓಡಿದರು. ಮಂಡಿಯೂರಿದರು. ನೀಲಿ ಕೇಬಲ್ಲಿನ ತುದಿ ಹಿಡಿದು ಟೆಸ್ಟರಿನ ಬಾಯಿಗಿಟ್ಟರು. ಹೋಗಲಿಲ್ಲ. ತಿರುಗಿಸಿದರು. ಹೋಗಲಿಲ್ಲ. ಕೇಬಲ್ ಸಿಕ್ಕಿಸುವ ಬಾಯಿಯ ಮೇಲೆ, ಸರಿಯಾಗಿ ನಡುಮಧ್ಯದಲ್ಲಿ, ಅವರದೇ ಕೈಯ ತಂತಿ ಬಿಗಿದು ಕೂತಿತ್ತು.

"ಮೇಡಂ, ತಂತಿ ಸ್ವಲ್ಪ ಪಕ್ಕಕ್ಕೆ—"

"ಮೊಹರು ಮುರಿದ್ರೆ ಏನು ಶಿಕ್ಷೆ ಅಂತ ನಾನು ನಿಮಗೆ ಹೇಳಬೇಕಾ?"

ಬೇಕಿರಲಿಲ್ಲ. ಆ ಶಿಕ್ಷೆಯ ಫಲಕ ಇದ್ದದ್ದು ಅವರ ಕುರ್ಚಿಯ ಹಿಂದಿನ ಗೋಡೆಯ ಮೇಲೇ. ಲೋಕದಲ್ಲಿ ಅಷ್ಟು ನಿಖರವಾಗಿ ಪರೀಕ್ಷೆಗೊಳಗಾದ ಟೆಸ್ಟರು ಇನ್ನೊಂದು ಇರಲಿಕ್ಕಿಲ್ಲ. ಅದಕ್ಕೆ ಒಂದು ಕೇಬಲ್ಲನ್ನೂ ಮುಟ್ಟಲಾಗುತ್ತಿರಲಿಲ್ಲ ಅಷ್ಟೇ.

ನಾಲ್ಕೂ ಹತ್ತಕ್ಕೆ ಸುಮಾರಯ್ಯ ಬೀದಿಯಲ್ಲಿದ್ದರು. ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದು ಎಲ್ಲಿ ಕಳಚಿತೋ. ಮೂರು ಬೀದಿ ದಾಟಿ ಅಂಗಡಿಯ ಕಂಬ ಹಿಡಿದು ಏದುಸಿರು ಬಿಟ್ಟರು. ಎಂಟು ಬೆರಳು ಎತ್ತಿ ತೋರಿಸಿದರು.

"ದೀಪದ್ದಾ?" ಎಂದರು ಅಂಗಡಿಯಾಕೆ.

ತಲೆಯಾಡಿಸಿದರು.

"ಏನಾಯ್ತು ಅದಕ್ಕೆ, ಅಂಕಿಯದಕ್ಕೆ?"

"ಮೊಹರು ಬಿತ್ತು."

ಆಕೆ ಡಬ್ಬಿ, ಇಕ್ಕಳ, ನಾಲ್ಕು ಪ್ಲಗ್ಗು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಅರ್ಧ ಬಾಗಿಲೆಳೆದರು. "ನಡೀರಿ, ನಾನೇ ನೋಡ್ತೀನಿ. ನಿಮ್ಮನ್ನ ಕಳಿಸಿದ್ರೆ ಇದಕ್ಕೂ ಏನಾದ್ರೂ ಬೀಳುತ್ತೆ."

ಕಚೇರಿಯಲ್ಲಿ ಮೇಡಂ ಅಡ್ಡ ಬಂದರು. "ಇದು ಅಳೆಯುತ್ತಾ?"

"ಏನೂ ಅಳೆಯಲ್ಲಮ್ಮ. ಹತ್ತುತ್ತೆ, ಆರುತ್ತೆ."

ಮೇಡಂ ನಿಯಮವನ್ನು ಮನಸ್ಸಿನಲ್ಲೇ ತಿರುವಿಹಾಕಿ ದಾರಿಬಿಟ್ಟರು. ಅಂಗಡಿಯಾಕೆ ಒಂದು ತುಂಡನ್ನು ಕೇಬಲ್ಲುಗಳೆಲ್ಲ ಬಂದು ಸೇರುವ ಕಾರಿಡಾರಿನ ಪೆಟ್ಟಿಗೆಯ ಕಡೆಗೆ, ಇನ್ನೊಂದನ್ನು ಮೇಜಿನ ಕಡೆಗೆ ಸಿಕ್ಕಿಸಿದರು. ಒಂದು. ಎರಡು. ಕತ್ತಲೆ. ನಾಲ್ಕು.

"ಮೂರನೇ ಎಳೆ," ಎಂದು ಕೇಬಲ್ಲನ್ನು ಬೆರಳಲ್ಲಿ ನೇವರಿಸುತ್ತ ಬಂದು, ಮೇಜಿನ ಹತ್ತಿರ ಒಂದು ಗೇಣಿನಲ್ಲಿ ನಿಲ್ಲಿಸಿದರು. ಅಲ್ಲಿ ಕೇಬಲ್ಲು ಚಪ್ಪಟೆಯಾಗಿತ್ತು. "ಕುರ್ಚಿಯ ಚಕ್ರ ಹತ್ತಿಸಿದೀರಿ. ಕೂತಲ್ಲಿ ಕೂರೋ ಅಭ್ಯಾಸ ಇಲ್ವಾ ನಿಮಗೆ?"

ಕತ್ತರಿಸಿ, ಎಂಟು ಎಳೆ ಬಿಡಿಸಿ, ಬಣ್ಣ ನೋಡಿ ಜೋಡಿಸಿ, ಹೊಸ ಪ್ಲಗ್ಗು ಅದುಮಿದರು. ಎಂಟೂ ದೀಪ ಸಾಲಾಗಿ ಹತ್ತಿದವು. ಆಕೆ ಚೀಲ ಹೆಗಲಿಗೇರಿಸಿ, ಅಂಗಡಿ ತೆರೆದೇ ಇದೆಯೆಂದು ಹೊರಟೇಹೋದರು. ನಾಲ್ಕೂ ನಲವತ್ತೆಂಟು.

ಪುಟ ತೆರೆಯಿತು. ಬುಧವಾರ ತುಂಬಿದ್ದೆಲ್ಲ ಅಳಿಸಿಹೋಗಿತ್ತು. ಸುಮಾರಯ್ಯ ಮೊದಲಿನಿಂದ ಶುರುಮಾಡಿದರು. ಫೋನನ್ನು ಮೇಜಿನ ಮೇಲೆ ಒರಗಿಸಿಟ್ಟಿದ್ದರು, ಅದರೊಳಗಿಂದ ಹೆಂಡತಿ, "ಹುಟ್ಟಿದ ದಿನ ಸರಿಯಾಗಿ ಹಾಕಿ. ಸುಮಾರು ಹಾಕಬೇಡಿ," ಎಂದು ಹೇಳುತ್ತಿದ್ದರು.

ಅಷ್ಟು ಹೊತ್ತಿಗೆ ಕಚೇರಿಗೆ ಒಂದು ಸತ್ಯ ಹೊಳೆದಿತ್ತು. ನಾಲ್ಕು ಕೇಬಲ್ಲುಗಳಲ್ಲಿ ಮೂರು ಮಖಮಲ್ಲಿನ ಮೇಲಿದ್ದವು. ಇಡೀ ಕಟ್ಟಡದಲ್ಲಿ ಜೀವವಿದ್ದ ಕಂಪ್ಯೂಟರು ಒಂದೇ.

"ನಂದೊಂದು ಪತ್ರ, ಅರ್ಧ ನಿಮಿಷ," ಎಂದು ಟಪಾಲು ಅಕ್ಕ ಬಲಗಡೆ ಬಂದು ನಿಂತರು.

"ಪ್ರಮಾಣಪತ್ರದ ನಂಬರು ಇವತ್ತೇ ಹತ್ತಿಸಬೇಕು," ಎಂದು ಮೇಡಂ ಎಡಗಡೆ.

ನಾಲ್ಕೂ ಐವತ್ತೈದಕ್ಕೆ ಸಾಹೇಬರು ಬಂದರು. ಕೈಯಲ್ಲಿ ತಿಂಗಳ ವರದಿ, ಕಿವಿಯಲ್ಲಿ ಮೇಲಿನ ಕಚೇರಿಯ ಫೋನು. ಅವರ ವರದಿಗೂ ಗಡುವು ಐದೇ.

"ಏಳ್ರೀ ಸ್ವಲ್ಪ. ಎರಡೇ ನಿಮಿಷ."

ಸುಮಾರಯ್ಯನವರ ಬೆರಳು ಕೀಲಿಗಳ ಮೇಲೆ ಓಡುತ್ತಲೇ ಇತ್ತು. ಸಾಹೇಬರು ಕೆಮ್ಮಿದರೆ ಎದ್ದು ನಿಲ್ಲುವ ಮನುಷ್ಯ ಅವರು. ಈಗಲೂ ಮಂಡಿ ತಾನಾಗಿ ಒಂದಿಷ್ಟು ಮೇಲೆದ್ದದ್ದನ್ನು ನಾವೆಲ್ಲ ನೋಡಿದೆವು.

"ಯಾರದು?" ಎಂದಿತು ಫೋನು.

"ಸಾಹೇಬರು."

ಫೋನಿನೊಳಗೆ ಯಾರೋ ಉಸಿರು ಬಿಗಿಹಿಡಿದು ಕೂತಿದ್ದರು. ಒಬ್ಬರಲ್ಲ, ಮೂರು ಜನ.

"ಏಳ್ತೀರಾ? ಮೇಲಿನವರು ಲೈನಿನಲ್ಲೇ ಇದಾರೆ."

ಐವತ್ತಾರು. ಕೊನೆಯ ಮನೆ ತುಂಬಿತು. 'ಕಳಿಸು' ಎಂಬ ಗುಂಡಿ ಇನ್ನೂ ಒತ್ತಲು ಬಾರದ ಬೂದು ಬಣ್ಣದಲ್ಲಿ ಕಾಣಿಸಿತು, ಅದರ ಪಕ್ಕ ಸಣ್ಣ ಚಕ್ರವೊಂದು ನಿಧಾನವಾಗಿ ತಿರುಗತೊಡಗಿತು.

ಸಾಹೇಬರು ವರದಿಯನ್ನು ಮೇಜಿನ ಮೇಲಿಟ್ಟು, ಬಾಗಿ, ಆ ಕಚೇರಿಯಲ್ಲಿ ಯಾರೂ ಕೇಳಿರದಂಥ ಮೆತ್ತನೆಯ ದನಿಯಲ್ಲಿ ಹೇಳಿದರು: "ನಿಮ್ಮನ್ನ ಕೇಳ್ಕೊಳ್ತಿದೀನಿ. ದಯವಿಟ್ಟು ಏಳಿ."

ಸುಮಾರಯ್ಯನವರು ಎಡಗೈಯಿಂದ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಲಗೈಯ ತೋರುಬೆರಳು ಮೌಸಿನ ಗುಂಡಿಯ ಮೇಲೆಯೇ ಇತ್ತು. ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು:

"ಏಳೋದಿಲ್ಲ ಸಾರ್."